ಬಯೋಡಾಟಾದಲ್ಲಿ ಬಿಟ್ಟ ಏಳು ತಿಂಗಳು

ಅಣ್ಣಿಗೇರಿ
೧೨ ಜೂನ್ ೨೦೨೪

ಅವ್ವಾ,

ನಿನ್ನ ಮಂಜುಳಾಳ ಶರಣು. ನಾನು ಆರಾಮ ಇದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ನೀನು ಮೊದಲು ಕೇಳುವುದು ಅದನ್ನೇ, ಅದಕ್ಕೆ ಮೊದಲೇ ಬರೆದೆ. ಫೋನಿನಲ್ಲಿ ನಿನಗೆ ಈಗ ಅರ್ಧ ಮಾತೂ ಕೇಳುವುದಿಲ್ಲ. ಮೊನ್ನೆ ನಾನು “ನೌಕರಿ ಸಿಕ್ತಬೇ” ಅಂದರೆ ನೀನು “ಯಾರ ಮದುವಿ?” ಎಂದು ಕೇಳಿದೆ. ಹಾಗಾಗಿ ಈ ಪತ್ರ. ಬಾಜು ಮನೆಯ ಶಬೀನಾ ಓದಿ ಹೇಳುತ್ತಾಳೆ. ಶಬೀನಾ, ನಿಧಾನ ಓದು. ಅವ್ವ ನಡುವೆ ಎದ್ದು ಕುರಿ ನೋಡಲು ಹೋದರೆ ಬರುವತನಕ ಕಾಯಿ.

ನೌಕರಿ ಸಿಕ್ಕಿದ್ದು ಇಲ್ಲಿಯ ಹೊಸ ಆಸ್ಪತ್ರೆಯಲ್ಲಿ. ನರ್ಸ್ ಕೆಲಸ. ಈ ಸಲ ಕಾಯಂ. ಇನ್ನು ಯಾರೂ “ಮತ್ತ ಎಂದ ಬಿಡಸ್ತಾರ?” ಎಂದು ನಿನ್ನನ್ನು ಕೇಳುವ ಹಾಗಿಲ್ಲ.

ಅರ್ಜಿಯ ಜೊತೆ ಬಯೋಡಾಟಾ ಕೊಡಬೇಕಿತ್ತು. ಓದಿದ್ದು, ದುಡಿದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯುವುದು. ನವಲಗುಂದದ ಕಂಪ್ಯೂಟರ್ ಅಂಗಡಿಯ ಸುಭಾಸನ ಹತ್ತಿರ ಹೋದೆ. ನನ್ನ ಕಾಗದಗಳನ್ನು ತಿರುವಿ ಹಾಕಿ ಅವನು ತಲೆ ಕೆರೆದುಕೊಂಡ.

“ಇಲ್ಲಿ ಸ್ವಲ್ಪ ದಿನ, ಅಲ್ಲಿ ಸ್ವಲ್ಪ ದಿನ. ಹಿಂಗ ಬರದ್ರ ಈಕಿ ಎಲ್ಲೂ ನಿಲ್ಲಾಕಿ ಅಲ್ಲ ಅಂತಾರ್ರೀ ಅಕ್ಕಾರ. ಮೂರೂ ವರ್ಷ ಒಂದ ದವಾಖಾನಿ ಅಂತ ಹಾಕಿಬಿಡೂಣು. ಯಾರು ಕೇಳ್ತಾರ?”

ಕೆಟ್ಟವನಲ್ಲ ಅವ್ವಾ, ನನ್ನ ಒಳ್ಳೆಯದಕ್ಕೇ ಹೇಳಿದ. ನನಗೂ ಮನಸ್ಸಾಯಿತು. ಆದರೆ ಆ ಕೆಲಸಗಳು ನಾನು ಬಿಟ್ಟವಲ್ಲ, ಮುಗಿದವು. ಮಿಶ್ರಿಕೋಟಿ ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆ ಹಾಕಿದೆ. ಹಾಕುವುದು ಮುಗಿಯಿತು, ಕೆಲಸವೂ ಮುಗಿಯಿತು. ಕುಂದಗೋಳದಲ್ಲಿ ಬಾಣಂತನಕ್ಕೆ ಹೋದ ನರ್ಸಿನ ಜಾಗದಲ್ಲಿ ದುಡಿದೆ; ಆಕೆ ಕೂಸು ಎತ್ತಿಕೊಂಡು ಬಂದಳು, ನಾನು ಚೀಲ ಎತ್ತಿಕೊಂಡು ಹೊರಟೆ. ಇದರಲ್ಲಿ ನಾಚಿಕೆ ಏನು? ಹಾಗೇ ಬರೆಸಿದೆ. ‘ತಾತ್ಕಾಲಿಕ ಸೇವೆ’ ಎಂದು ಮೇಲೆ ಹಾಕಿಸಿ, ಕೆಳಗೆ ಒಂದೊಂದಾಗಿ ಎಲ್ಲಿ ದುಡಿದೆ, ಏನು ಮಾಡಿದೆ, ಯಾಕೆ ಮುಗಿಯಿತು ಎಂದು ಹೇಳಿದೆ. ಹೇಳುತ್ತ ಹೋದಂತೆ ನನಗೇ ಸೋಜಿಗವಾಯಿತು. ಕುಂದಗೋಳದಲ್ಲಿ ಎಷ್ಟೊಂದು ಕೂಸುಗಳನ್ನು ತಾಯಿಗಿಂತ ಮೊದಲು ನಾನು ಎತ್ತಿಕೊಂಡಿದ್ದೇನೆ.

ಒಂದನ್ನು ಮಾತ್ರ ಬಿಟ್ಟೆ. ನನ್ನ ಮೊದಲ ಕೆಲಸ, ಹುಬ್ಬಳ್ಳಿಯ ಕೊರೋನಾ ವಾರ್ಡು. ಅಪ್ಪನನ್ನೂ ಅಲ್ಲೇ ಸೇರಿಸಿದ್ದೆವಲ್ಲ. ಅದನ್ನು ಸುಭಾಸನ ಮುಂದೆ ಹೇಳಲು ಬಾಯಿ ಬರಲಿಲ್ಲ.

ಸಂದರ್ಶನಕ್ಕೆ ಇಬ್ಬರು ಡಾಕ್ಟರು ಕುಳಿತಿದ್ದರು, ಜೊತೆಗೆ ನರ್ಸುಗಳ ಮುಖ್ಯಸ್ಥೆ ಫಾತಿಮಾಬಿ. ಡಾಕ್ಟರು ಬಯೋಡಾಟಾದ ಮೇಲೆ ಸುಮ್ಮನೆ ಕಣ್ಣಾಡಿಸಿದರು. ಫಾತಿಮಾಬಿಯವರ ಬೆರಳು ಮಾತ್ರ ನೇರ ಆ ಬಿಟ್ಟ ಜಾಗಕ್ಕೇ ಬಂತು.

“ನರ್ಸಿಂಗ್ ಮುಗದ ಮ್ಯಾಲೆ ಏಳ ತಿಂಗಳು ಏನ ಮಾಡಿದ್ಯವಾ? ಮನ್ಯಾಗಿದ್ದೇನು?”

“ಇಲ್ರೀ. ಕೊರೋನಾ ವಾರ್ಡಿನ್ಯಾಗ ಇದ್ನಿರಿ.”

“ಮತ್ತ ಅದನ್ನ ಯಾಕ ಬರದಿಲ್ಲ? ಎಲ್ಲಾರೂ ಅದನ್ನ ಮದ್ಲ ಬರೀತಾರ.”

“ನಮ್ಮಪ್ಪ ಅಲ್ಲೇ ತೀರಿಕೊಂಡ್ರಿ,” ಎಂದೆ.

ಡಾಕ್ಟರು ತಲೆ ಎತ್ತಿದರು. ಫಾತಿಮಾಬಿ, “ಆವಾಗ ನೀ ಡ್ಯೂಟಿ ಮ್ಯಾಲಿದ್ದೇನವಾ?” ಎಂದು ಮೆಲ್ಲಗೆ ಕೇಳಿದರು.

ಹೌದು ಎಂದೆ. ಕೊನೆಯ ಗುಟುಕು ನೀರು ನಾನೇ ಹಾಕಿದೆ ಎಂದೆ. ನಿನಗೆ ಗೊತ್ತಿರುವುದೇ ಅವ್ವಾ, ಮತ್ತೆ ಬರೆಯುವುದಿಲ್ಲ.

ಅವರು ತಮ್ಮ ಪೆನ್ನು ನನ್ನ ಕಡೆ ಸರಿಸಿದರು. “ಆ ಏಳ ತಿಂಗಳಾ ಇಲ್ಲೇ ಬರಿ, ನಿನ್ನ ಕೈಲೆ ಬರಿ. ದುಡದದ್ದನ್ನ ಮುಚ್ಚಿಡಬಾರದು,” ಎಂದರು. ಅಚ್ಚಿನ ಸಾಲುಗಳ ನಡುವೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದುಕೊಟ್ಟೆ. ಬೈಯುತ್ತಾರೆಂದುಕೊಂಡೇ ಹೋಗಿದ್ದೆ; ಯಾರೂ ಬೈಯಲಿಲ್ಲ. ನಾಲ್ಕು ದಿನಕ್ಕೆ ಫೋನು ಬಂತು.

ಸೋಮವಾರ ಕೆಲಸಕ್ಕೆ ಸೇರುತ್ತೇನೆ. ಅದಕ್ಕೆ ಮೊದಲು ಭಾನುವಾರ ಊರಿಗೆ ಬಂದು ಹೋಗುತ್ತೇನೆ. ಮುಂದಿನ ತಿಂಗಳು ಇಲ್ಲಿಯ ಡಾಕ್ಟರಿಗೆ ನಿನ್ನ ಕಿವಿ ತೋರಿಸೋಣ. ಕುರಿ ಬಿಟ್ಟು ಬರಲು ಒಲ್ಲೆ ಅನ್ನಬೇಡ, ಎರಡು ದಿನ ಮಾವ ನೋಡಿಕೊಳ್ಳುತ್ತಾನೆ.

ನಿನ್ನ ಮಗಳು
ಮಂಜುಳಾ

ವಿ.ಸೂ.: ಶಬೀನಾ, ಈ ಬೇರೆ ಹಾಳೆ ನಿನಗೆ. ಅವ್ವನ ಮುಂದೆ ಓದಬೇಡ.

ಆವಾಗ ಡ್ಯೂಟಿ ಮೇಲಿದ್ದೆಯಾ ಎಂದು ಫಾತಿಮಾಬಿಯವರು ಕೇಳಿದಾಗ ನಾನು ಹೌದು ಎನ್ನಲಿಲ್ಲ. ಇಲ್ಲ ಎಂದೆ. ರೋಗಿಗಳು ಕಡಿಮೆಯಾದರೆಂದು ಆ ತಿಂಗಳ ಕೊನೆಗೆ ನಮ್ಮ ಕೆಲವರ ಕರಾರು ಮುಗಿಸಿದ್ದರು; ಅವ್ವನಿಗೆ ಇನ್ನೂ ಹೇಳಿರಲಿಲ್ಲ. ಮರುದಿನವೇ ಅಪ್ಪನಿಗೆ ಉಸಿರಾಡಲು ಆಗದೆ ಅಲ್ಲಿಗೇ ಸೇರಿಸಿದೆವು. ಏಳು ತಿಂಗಳು ಓಡಾಡಿದ ಬಾಗಿಲಲ್ಲಿ ಕಾವಲಿನವನು ನನ್ನನ್ನು ತಡೆದ. “ಈಗ ನೀವು ಸ್ಟಾಫ್ ಅಲ್ರೀ ಸಿಸ್ಟರ್, ಪೇಶಂಟಿನ ಮನಿಯವ್ರು. ಬಿಡಾಕ ಬರಂಗಿಲ್ರಿ,” ಎಂದ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು, ಅವನೂ ಕರಾರಿನವನೇ. ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ನೀರು ಹಾಕಿದವಳು ನಾಜಮೀನ್, ನನ್ನ ಜೊತೆ ಕೆಲಸ ಮಾಡಿದವಳು. ಅವಳು ಹೊರಗೆ ಬಂದು ಹೇಳಿದ್ದನ್ನೇ ನಾನು ಮಾಡಿದ್ದೆಂದು ಅವ್ವನಿಗೆ ಹೇಳಿದೆ. ಆ ಮಾತು ಕೇಳಿದ ಮೇಲೆಯೇ ಅವ್ವ ಒಂದು ತುತ್ತು ಉಂಡದ್ದು. ನೀನೇ ಕಲಸಿ ಕೊಟ್ಟಿದ್ದೆ.

ಗುರುತಿಲ್ಲದವರ ಮುಂದೆ ನಿಜ ಹೇಳಿದ ಮೇಲೆ ಅವ್ವನಿಗೆ ಹೇಳದೆ ಇರಲು ಆಗುತ್ತಿಲ್ಲ. ಭಾನುವಾರ ನಾನೇ ಹೇಳುತ್ತೇನೆ, ನೀನು ಹತ್ತಿರ ಇರು. ಅಲ್ಲಿಯತನಕ ಈ ಹಾಳೆಯಲ್ಲಿ ಏನಿದೆ ಎಂದು ಅವಳು ಕೇಳಿದರೆ, ಗೆಳತ್ಯಾರ ಮಾತು ಅಂತ ಹೇಳು.