ಮಡಿಲಕ್ಕಿ ಹಿಡಿದು ಕೂತವಳಿಗೆ

ಚಾಮರಾಜನಗರ
೧೮ ಫೆಬ್ರವರಿ ೧೯೫೯

ನನ್ನ ಹದಿನೆಂಟರ ಶಿವರುದ್ರಿಗೆ,

ಇಪ್ಪತ್ತಾರರ ಶಿವರುದ್ರಮ್ಮ ಮಾಡುವ ಆಶೀರ್ವಾದ. ನಿನಗೆ ನಾನು ಹಿರಿಯಳು, ಆದ್ದರಿಂದ ನಮಸ್ಕಾರ ಗಿಮಸ್ಕಾರ ಇಲ್ಲ. ಎಂಟು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಮುನಿಸಿಕೊಳ್ಳಬೇಡ. ನಿಜ ಹೇಳಬೇಕೆಂದರೆ ಇದು ಗುಂಡ್ಲುಪೇಟೆಗೆ, ನಮ್ಮವ್ವನಿಗೆ, ಸುಖವಾಗಿ ತಲುಪಿದೆವು ಎಂದು ಬರೆಯಲು ತೆಗೆದಿಟ್ಟ ಕಾಗದ. ಎರಡು ಸಾಲು ಬರೆದು ಹೊಡೆದುಹಾಕಿದೆ. ಅವ್ವನಿಗೆ ಬರೆಯಲಾಗದ್ದನ್ನು ನಿನಗಾದರೂ ಬರೆಯೋಣ ಅನ್ನಿಸಿತು.

ನೀನೀಗ ಇಲ್ಲಿಯ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೀಯೆ. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೋದವಳು, ಮೂರು ದಿನದ ಹಿಂದೆ ಬಾಡಿಗೆ ಕಾರಿನಲ್ಲಿ ಗಂಡನ ಮನೆಗೆ ಹೊರಟೆ. ಜೊತೆಗೆ ಹದಿಮೂರರ ತಂಗಿ ಮಂಗಳಗೌರಿ. ತೆರಕಣಾಂಬಿ ದಾಟಿದ ಮೇಲೆ ಚಕ್ರ ಸಿಡಿದು ಕಾರು ಹುರುಳಿ ಹೊಲಕ್ಕೆ ಉರುಳಿತು. ನೀನು ಉಳಿದೆ, ಮಂಗಳ ಉಳಿಯಲಿಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಒಂದು ಸಲ ನೇರವಾಗಿ ಬರೆಯಬೇಕೆನ್ನಿಸಿ ಬರೆದೆ.

ಅವ್ವ ನಿನ್ನ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ, ಗಂಡನ ಮನೆಯ ದೇವರ ಮುಂದೆ ಸುರಿಯುವವರೆಗೆ ಒಂದು ಕಾಳೂ ಚೆಲ್ಲಬಾರದು ಎಂದಿದ್ದಳು. ನೀನೋ ಮಹಾ ವಿಧೇಯಳು. ಎರಡೂ ಕೈಯಲ್ಲಿ ಮಡಿಲು ಅವುಚಿಕೊಂಡೇ ಉರುಳಿದೆ. ಡ್ರೈವರ್ ಚೆಲುವಯ್ಯ ಹಣೆಯ ರಕ್ತ ಒರೆಸಿಕೊಳ್ಳುತ್ತ ಮೇಲಾಗಿದ್ದ ಬಾಗಿಲಿನಿಂದ ಬಗ್ಗಿ, "ಅಕ್ಕಿ ಬುಡಿ ಅವ್ವಾರೆ, ಕೈ ಕೊಡಿ" ಎಂದು ಎಷ್ಟು ಸಲ ಹೇಳಿದರೂ ಬಿಡಲಿಲ್ಲ. ಕೊನೆಗೆ ಪುಣ್ಯಾತ್ಮ ಅಕ್ಕಿಯ ಸಮೇತ ಎತ್ತಿದ. ಅವನನ್ನು ಯಾರು ಬೈದರೂ ನೀನು ತಲೆಯಾಡಿಸಬೇಡ. ಚಕ್ರ ಸಿಡಿದರೆ ಅವನೇನು ಮಾಡಿಯಾನು.

ಇನ್ನು ಬುದ್ಧಿಮಾತು. ನೋಡಲು ಬಂದವರೆಲ್ಲ ಮಡಿಲಕ್ಕಿಯೇ ನಿನ್ನನ್ನು ಕಾಯಿತು ಎನ್ನುತ್ತಾರೆ. ಮಗಳನ್ನು ಮಣ್ಣು ಮಾಡಿ ಬಂದ ಅವ್ವನೂ ಅದನ್ನೇ ಹೇಳುತ್ತಾಳೆ, ಉಳಿದ ಅಕ್ಕಿಯನ್ನು ಡಬ್ಬಿಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತಾಳೆ. ನಿನಗೆ ಮೈಯೆಲ್ಲ ಉರಿಯುತ್ತದೆ. ಆಗ ಏನೂ ಅನ್ನಬೇಡ, ಅವಳಿಗೆ ಸಮಾಧಾನಕ್ಕೆ ಬೇರೇನೂ ಉಳಿದಿಲ್ಲ. ಅನ್ನದ ತಟ್ಟೆ ಬಂದರೆ ಆಚೆ ಇಡುತ್ತೀಯೆ, ಮುದ್ದೆ ಉಣ್ಣು. ನೀನು ಹೆದರಿ ಸಾಯುವ ಅದೇ ಅತ್ತೆ ಪುಟ್ಟಮಲ್ಲಮ್ಮ ಒಂದು ವರ್ಷ ದಿನಾ ಎರಡು ಹೊತ್ತೂ ನಿನಗೆಂದೇ ಮುದ್ದೆ ಮಾಡುತ್ತಾರೆ. ಹೊಸ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಬೀದಿಯವಳೊಬ್ಬಳು ಆಡಿದಾಗ, "ಅವಳ ಕಾಲು ಮುರ್ದದೆ, ಗುಣ ನೆಟ್ಟಗದೆ ಕಣ. ನೀ ಓಗು" ಎಂದು ಬಾಗಿಲಿನಿಂದಲೇ ಕಳಿಸುತ್ತಾರೆ.

ಕಾಲು ಕೂಡುತ್ತದೆ, ಸ್ವಲ್ಪ ಕುಂಟು ಉಳಿಯುತ್ತದೆ. ಹಾರ್ನ್ ಕೇಳಿದರೆ ಸಾಕು, ಕೈಯಲ್ಲಿದ್ದ ಚೆಂಬು ಬೀಳುತ್ತದೆ. ಏಳೆಂಟು ವರ್ಷ ನೀನು ತವರಿಗೆ ಎತ್ತಿನ ಗಾಡಿಯಲ್ಲೇ ಹೋಗುತ್ತೀಯೆ. ನಿನ್ನ ಯಜಮಾನರು ಮಹಾರಾಣಿಯ ಸವಾರಿ ಹೊರಟಿತು ಎಂದು ನಗುತ್ತಲೇ ಹಗ್ಗ ಹಿಡಿದು ಮುಂದೆ ಕೂರುತ್ತಾರೆ. ಉಳಿದದ್ದೇ ತಪ್ಪು ಅನ್ನಿಸುವ ದಿನಗಳೂ ಬರುತ್ತವೆ ಕಣಮ್ಮಿ. ಅಂಥ ದಿನ ಬಾವಿಯ ಕಡೆ ಒಬ್ಬಳೇ ಹೋಗಬೇಡ. ಅತ್ತೆಯ ಪಕ್ಕ ಕೂತು ಕಾಳು ಹಸನು ಮಾಡು. ಅವರು ಏನೂ ಕೇಳುವುದಿಲ್ಲ, ಮೊರ ಮಾತ್ರ ನಿನ್ನ ಕಡೆ ಸರಿಸುತ್ತಾರೆ.

ಐದನೆಯ ವರ್ಷ ನಿನಗೊಬ್ಬಳು ಮಗಳು ಹುಟ್ಟುತ್ತಾಳೆ. ಈಗ ಅವಳಿಗೆ ಮೂರು ತುಂಬಿದೆ, ಬಾಯಿಗೆ ಬೀಗವೇ ಇಲ್ಲ. ಇವತ್ತು ಅವಳೊಡನೆ ಮೊದಲ ಸಲ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬಂದೆ. ಅವ್ವ ಮಡಿಲು ತುಂಬಿದಳು. ಬಸ್ಸು ಹತ್ತಿದ ಕೂಡಲೇ ನಾನು ಅಕ್ಕಿಯನ್ನು ಸೆರಗಿನಲ್ಲೇ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಆ ಹೊಲದ ಹತ್ತಿರ ಕಣ್ಣು ಮುಚ್ಚಿದೆ. ನೋವಾಗುತ್ತದೆ ಬಿಡು ಎಂದು ಅವಳು ಗೋಗರೆದರೂ ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಮಗುವಿನ ತೋಳಿನ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದವು. ಕೊಬ್ಬರಿ ಎಣ್ಣೆ ಸವರಿ ಮಲಗಿಸಿದ್ದೇನೆ.

ಈ ಎಂಟು ವರ್ಷ ನಿನ್ನನ್ನು ಬಹಳ ಬೈದಿದ್ದೇನೆ. ಇವತ್ತು ಬೈಯಲು ಮನಸ್ಸಿಲ್ಲ. ನೀನೂ ಚಿಕ್ಕವಳೇ, ಹಿರಿಯರು ಹೇಳಿಕೊಟ್ಟಂತೆ ಮಾಡಿದೆ. ಈ ಕಡೆ ತಿರುಗು, ಎರಡು ತುತ್ತು ಉಣ್ಣು, ಮಲಗು. ಶಿವ ನಿನ್ನನ್ನು ಕೈಹಿಡಿದು ನನ್ನವರೆಗೆ ಕರೆತರಲಿ.

ನಿನ್ನನ್ನು ಬಿಟ್ಟರೆ ಗತಿಯಿಲ್ಲದ,
ಶಿವರುದ್ರಮ್ಮ

ತಾ.ಕ.: ನಾಳೆ ಅವ್ವ ಆಸ್ಪತ್ರೆಗೆ ಬಂದು ನಿನ್ನ ತಲೆ ಸವರುತ್ತ, "ಮಂಗ್ಳಿ ಕೊನೇಲಿ ಏನಾರ ಅಂದ್ಳಾ ಕಣಮ್ಮಿ?" ಎಂದು ಕೇಳುತ್ತಾಳೆ. ಏನೂ ಕೇಳಿಸಲಿಲ್ಲ ಅನ್ನುತ್ತೀಯೆ. ಕೇಳಿಸಿತ್ತು. ಕಾರು ವಾಲಿದಾಗ "ಅಕ್ಕಯ್ಯ, ನನ್ನ ಇಡ್ಕೊ" ಎಂದು ನಿನ್ನ ತೋಳಿಗೆ ಜೋತುಬಿದ್ದಳು. ಅಕ್ಕಿ ಚೆಲ್ಲುತ್ತದೆಂದು ನೀನು ಮೊಣಕೈಯಿಂದ ಅವಳನ್ನು ಆಚೆ ತಳ್ಳಿದೆ. ಅವ್ವ ಪ್ರತಿ ವರ್ಷ ಕೇಳುತ್ತಾಳೆ. ಇವತ್ತೂ ಬಸ್ಸಿನ ಕಿಟಕಿಯ ಬಳಿ ಬಂದು ಕೇಳಿದಳು, ನಾನು ಇಲ್ಲ ಕಣವ್ವ ಅಂದೆ. ಇನ್ನು ನನ್ನಿಂದ ಆಗುವುದಿಲ್ಲ. ನಾಳೆ ಅವಳು ಮೊದಲ ಸಲ ಕೇಳಿದಾಗಲೇ ನೀನು ಹೇಳಿಬಿಡು.