ಅಪ್ಪ ಹುಟ್ಟಿದ ಮನೆಯ ಹೆಸರು

ಬರ್ಗೆನ್, ಗುರುವಾರ

ತಂಗಿ ಟೂರಾಳಿಗೆ,

ನಮ್ಮ ಸುನ್ನಿವಾ ಗೆದ್ದಳು. ನಮ್ಮಪ್ಪ ಪಿಟೀಲು ನುಡಿಸಿ ಶಾಲೆಯ ಮಕ್ಕಳಿಗೆ ಹಾಡು ಕಲಿಸುತ್ತಿದ್ದದ್ದಕ್ಕೆ ಪುರಾವೆ ಸಿಗದಿದ್ದರೆ ನನ್ನ ಮೊಮ್ಮಗಳು ತನ್ನ ಎಂ.ಎ. ಪ್ರಬಂಧದ ವಿಷಯವನ್ನೇ ಬಿಡಬೇಕಿತ್ತು. ಗ್ರಂಥಾಲಯದಲ್ಲಿ ಅಪ್ಪನ ಅಡ್ಡಹೆಸರು 'ಹೌಗೆನ್' ಎಂದು ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

"ಅಜ್ಜಿ, ಹೌಗೆನ್ ನಿಮ್ಮಮ್ಮನ ಜಮೀನಿನ ಹೆಸರು. ಮುತ್ತಜ್ಜ ಮನೆ ಅಳಿಯನಾಗಿ ಬಂದ ಮೇಲೆ ಆ ಹೆಸರು ಇಟ್ಕೊಂಡಿದ್ದಲ್ವಾ? ಹುಟ್ಟಿದ್ದೆಲ್ಲಿ?" ಎಂದಳು.

"ಬ್ರೆಕ್ಕೆ ಅನ್ನೋ ಜಮೀನಿನ ಮನೇಲಿ ಕಣೇ. ಜೊತೆಗೆ ಪಿಟೀಲು ನುಡಿಸೋರು ಅಪ್ಪನ್ನ ಕೊನೇವರೆಗೂ ಬ್ರೆಕ್ಕೆ ಅಂತಲೇ ಕರೀತಿದ್ರು."

'ಬ್ರೆಕ್ಕೆ' ಎಂದು ಹುಡುಕಿದೊಡನೆ ಅಪ್ಪನ ಪಾಠದ ಧ್ವನಿಮುದ್ರಣವೇ ಸಿಕ್ಕಿತು. ಇವತ್ತು ಮೇಷ್ಟ್ರು ಅವಳಿಂದಲೇ ಇಡೀ ತರಗತಿಗೆ ಹುಡುಕುವ ವಿಧಾನ ಹೇಳಿಸಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಮಂಡಿನೋವು ಕಡಿಮೆಯಾಗಿದೆ. ಕುರಿಗಳಿಗೆ ಉಪ್ಪು ಮರೆಯಬೇಡ. ಅಂದಹಾಗೆ, ಆ ಧ್ವನಿಮುದ್ರಣದಲ್ಲಿ ಹಾಡುವ ಮಕ್ಕಳಲ್ಲಿ ಶ್ರುತಿ ತಪ್ಪಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನೀನೇ. ಈಗ ಅದಕ್ಕೂ ಪುರಾವೆಯಿದೆ.

ಅಕ್ಕ ಬೋರ್ಘಿಲ್ಡ್