ಇಷ್ಟವಿಲ್ಲದ ಐದು ಸಂಗತಿ

ಮಂಡ್ಯ
೧೮ ಆಗಸ್ಟ್ ೨೦೨೪

ಪ್ರಿಯ ಮಧುಕರ,

ಮೊದಲು ತಪ್ಪೊಪ್ಪಿಗೆ. ಮೂವತ್ತೊಂದು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಹುಡುಗರ ಅಂಗಿತೋಳು ತಡಕಿ ಚೀಟಿ ಹಿಡಿದ ಕಾಮರ್ಸ್ ಮೇಷ್ಟ್ರು ಸಂಪತ್ ಕುಮಾರನೆಂಬ ನಾನು, ಕಳೆದ ಮಂಗಳವಾರ ಸಂಜೆ, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಕಾಪಿ ಹೊಡೆದೆ. ಎಂಟು ತಿಂಗಳು ನಿನಗೆ ಒಂದು ಸಾಲೂ ಬರೆಯದ ಅಪರಾಧ ಇದಕ್ಕಿಂತ ದೊಡ್ಡದು. ಕ್ಷಮಿಸು. ಮಳವಳ್ಳಿಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನೂರಡಿ ರಸ್ತೆಯ ಔಷಧಿ ಅಂಗಡಿ ಮಹಡಿಯ ಮೇಲೆ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಯಾಕೆಂದು ಕೇಳಬೇಡ. ಸಂಜೆ ಕಾಫಿ ಹೊತ್ತಿಗೆ ಮನೆಯಲ್ಲಿರಬೇಕಾಗಿಲ್ಲ, ಅಷ್ಟೇ. 'ನನಗೆ ಇದು ಬರೋದಿಲ್ಲ' ಅನ್ನುವುದಕ್ಕೆ 'ಸೆ ಮೆ ದಾ ಮಾಲ್' ಅನ್ನಬೇಕಂತೆ. ಮಾಲ್ ಅಂದರೆ ಕೆಟ್ಟದಾಗಿ. ಈ ಮಾಲು ಕೆಟ್ಟಿದೆಯೆಂದು ಚಿತ್ರಾ ಮೇಡಂಗೆ ಮೊದಲ ವಾರವೇ ಗೊತ್ತಾಯಿತು.

ಆಮೇಲಿನ ಪಾಠ 'ನೊ ಮೆ ಗುಸ್ತಾ', ನನಗೆ ಇಷ್ಟವಿಲ್ಲ. ಇಷ್ಟವಿಲ್ಲದ ಐದು ಸಂಗತಿ ಬರೆಯಿರಿ ಅಂದರು. ಉಪ್ಪಿಟ್ಟಿನಿಂದ ಹಿಡಿದು ನಿಮ್ಮಪ್ಪನ ನಶ್ಯದವರೆಗೆ ಎಲ್ಲಕ್ಕೂ ಮೂಗು ಮುರಿದವನು ನಾನು. ಐದೇಕೆ, ಐನೂರು ಬರೆಯಬೇಕಿತ್ತು. ಒಂದೂ ಹೊಳೆಯಲಿಲ್ಲ. ಉಪ್ಪಿಟ್ಟು ನೆನೆಸಿಕೊಂಡೆ. ತಿನ್ನಬಹುದು ಅನ್ನಿಸಿತು. ಹಾಗಲಕಾಯಿ, ಅದನ್ನೂ ತಿನ್ನಬಹುದು. ರಂಗನಾಯಕಿ ಹೋದ ಮೇಲೆ ಹೀಗೇ ಆಗಿದೆ, ಮಧು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗೆ. ಇದೆ, ನನ್ನದಲ್ಲ.

ಪಕ್ಕದಲ್ಲಿ ಕೂರುವವಳು ಕೆರಗೋಡಿನ ದೀಪಿಕ, ನರ್ಸಿಂಗ್ ಓದುವ ಹುಡುಗಿ. ಅವಳ ಪುಸ್ತಕ ನೋಡಿ ಇಳಿಸಿಕೊಂಡೆ. ಮರುದಿನ ಮೇಡಂ ನನ್ನದನ್ನೇ ಎಲ್ಲರೆದುರು ಕನ್ನಡ ಮಾಡಿ ಓದಿದರು: "ನನಗೆ ಹಾಸ್ಟೆಲ್ ವಾರ್ಡನ್ ಇಷ್ಟವಿಲ್ಲ. ಅಮ್ಮ ಎಣ್ಣೆ ಹಚ್ಚಿ ಎರಡು ಜಡೆ ಹಾಕುವುದು ಇಷ್ಟವಿಲ್ಲ."

ತರಗತಿಯೆಲ್ಲ ನನ್ನ ಬೋಳುತಲೆ ನೋಡಿತು.

"ಅಯ್ಯೋ ಸಾ," ಅಂದಳು ದೀಪಿಕ, "ನೋಡ್ಕಂಡು ಬರ್ಕಳಿ ಅಂದ್ರೆ ನನ್ ಜಡೇನೂ ಕಿತ್ಕಂಡ್ರಲ್ಲ! ನಿಮ್ದೂ ಅಂತ ಒಂದೂ ಇಲ್ವಾ?"

ನಕ್ಕೆ. ನಗು ಬಂದಿತೆಂದಲ್ಲ, ಎಲ್ಲರೂ ನಗುತ್ತಿದ್ದರು.

ನೀನೂ ಇಂಥದ್ದೇ ಕೇಳಿದ್ದೆ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಕೈ ತೊಳೆಯುತ್ತಾ, "ಒಂದು ಹನಿ ಕಣ್ಣೀರಿಲ್ವಲ್ಲೋ ಸಂಪತ್ತು. ನನ್ನ ತಂಗಿ ನಿನಗೆ ಇಷ್ಟಾನೇ ಇರ್ಲಿಲ್ವಾ?" ಅಂದೆ. ಅಂದಿನಿಂದ ನಿನ್ನ ಫೋನಿಲ್ಲ.

ಉತ್ತರ ಕೊಡುತ್ತೇನೆ. ಹೆಣ್ಣು ನೋಡಲು ನಿಮ್ಮ ಮನೆಗೆ ಬಂದಾಗ, ಬೋಂಡ ಮುಗಿಸಿ ನಮ್ಮಪ್ಪ "ಊರಿಗೆ ಹೋಗಿ ಕಾಗದ ಬರೀತೀವಿ" ಅಂದರು. ಹಾಗಂದವರು ಬರೆಯುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ನಿಮ್ಮಮ್ಮನ ಮುಖ ಬಾಡಿತು. ಆದರೂ ಎಂಟನೇ ದಿನಕ್ಕೆ ಕಾಗದ ಬಂತೋ ಇಲ್ಲವೋ? ಅಪ್ಪನದಲ್ಲ, ನನ್ನದು, ನೇರ ಅವಳಿಗೇ. ನಾಲ್ಕು ಪುಟ, ಒಂದೊಂದು ಅಕ್ಷರವೂ ನನ್ನ ಸ್ವಂತದ್ದು. ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಇಟ್ಟುಕೊಂಡಿದ್ದಳು, ಈಗಲೂ ಅಲ್ಲೇ ಇದೆ. ಬಂದು ಓದು. ಇಷ್ಟವಿತ್ತೋ ಇಲ್ಲವೋ ಅದೇ ಹೇಳುತ್ತದೆ.

ನಿನ್ನ ಮೊಮ್ಮಕ್ಕಳಿಗೆ ಈ ಬೋಳುತಲೆ ತಾತನ ಆಶೀರ್ವಾದ.

ನಿನ್ನ,
ಸಂಪತ್ತು

ತಾ. ಕ.: ಬರಬೇಡ. ಆ ಕಾಗದವೂ ಕಾಪಿ. ನಮ್ಮ ಹಾಸ್ಟೆಲಿನ ರಘುನಂದನ್ ತನ್ನ ಹುಡುಗಿಗೆ ಬರೆದದ್ದನ್ನು ಇದ್ದದ್ದು ಇದ್ದ ಹಾಗೇ ಇಳಿಸಿದ್ದೆ. ಎರಡನೇ ಪುಟದಲ್ಲಿ 'ಕನ್ನಡಕದ ಹಿಂದಿನ ನಿಮ್ಮ ಕಣ್ಣುಗಳು' ಅಂತಿದೆ. ಆಗ ನಿನ್ನ ತಂಗಿಗೆ ಕನ್ನಡಕವೇ ಇರಲಿಲ್ಲ. ಇದು ಯಾರ ಕಣ್ಣು ಅಂತ ಅವಳು ಒಂದು ದಿನವೂ ಕೇಳಲಿಲ್ಲ. ನಲವತ್ತೆರಡಕ್ಕೆ ಕನ್ನಡಕ ಬಂದ ದಿನ ಮಾತ್ರ ಅದನ್ನು ಹಾಕಿಕೊಂಡು ನನ್ನೆದುರು ಬಂದು ನಿಂತು, "ನೋಡಿ, ನಿಮ್ಮ ಕಾಗದ ಇವತ್ತಿಗೆ ಸರಿಹೋಯ್ತು" ಅಂದಳು.

ನಾನು ಪೇಪರಿನಿಂದ ತಲೆ ಎತ್ತಿ, ಫ್ರೇಮು ನನಗೆ ಇಷ್ಟವಿಲ್ಲ ಅಂದೆ.